ರಿಗ್ ಇಳಿದರೂ ತೈಲ ಏರಿದ್ದು ಹೇಗೆ? ಅಮೆರಿಕದ ಶೇಲ್ ನೆಲಗಳ ಲೆಕ್ಕ

2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತೈಲಕ್ಕಾಗಿ 1,609 ರಿಗ್‌ಗಳು ನೆಲ ಕೊರೆಯುತ್ತಿದ್ದವು. ಆಗ ಆ ದೇಶ ದಿನಕ್ಕೆ ತೆಗೆಯುತ್ತಿದ್ದ ಕಚ್ಚಾ ತೈಲ ಸುಮಾರು 90 ಲಕ್ಷ ಬ್ಯಾರಲ್. ಹತ್ತು ವರ್ಷ ಕಳೆದು 2024ರ ಕೊನೆಗೆ ಬರುವ ಹೊತ್ತಿಗೆ ರಿಗ್‌ಗಳ ಸಂಖ್ಯೆ 500ಕ್ಕಿಂತ ಕೆಳಗಿತ್ತು. ತೈಲ ಮಾತ್ರ ದಿನಕ್ಕೆ 1 ಕೋಟಿ 30 ಲಕ್ಷ ಬ್ಯಾರಲ್ ದಾಟಿತ್ತು. ಕೊರೆಯುವ ಯಂತ್ರಗಳಲ್ಲಿ ಮೂರನೆಯ ಎರಡು ಪಾಲು ಮನೆಗೆ ಹೋದ ಮೇಲೂ ತೈಲ ಹೆಚ್ಚಾಯಿತು.

ತಂತ್ರಜ್ಞಾನ ಬೆಳೆಯಿತು ಎಂದು ಹೇಳಿ ಮುಗಿಸಿಬಿಡುವವರು ಬಹಳ ಮಂದಿ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಇನ್ನರ್ಧ ಉತ್ತರ ನಾವು ಲೆಕ್ಕ ಹಾಕುವ ಬಗೆಯಲ್ಲಿದೆ, ಆಯಾ ನೆಲದ ಸ್ವಭಾವದಲ್ಲಿದೆ. ‘ಅಮೆರಿಕದ ಶೇಲ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಮಲೆನಾಡಿನ ಗದ್ದೆಯನ್ನೂ ಬಯಲುಸೀಮೆಯ ಹೊಲವನ್ನೂ ಸೇರಿಸಿ ಸರಾಸರಿ ಇಳುವರಿ ಹೇಳಿದ ಹಾಗೆ. ಟೆಕ್ಸಸ್‌ನ ಒಣ ಬಯಲಿನ ಕಥೆಯೇ ಬೇರೆ, ಪೆನ್ಸಿಲ್ವೇನಿಯಾದ ಬೆಟ್ಟಗಳ ಕಥೆಯೇ ಬೇರೆ.

ಮೊದಲು ಕಲ್ಲಿನ ವಿಷಯ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ನಯವಾದ ಕೆಸರು, ಮೇಲಿನ ಭಾರಕ್ಕೆ ಒತ್ತಿ ಪದರ ಪದರವಾಗಿ ಗಟ್ಟಿಯಾದದ್ದೇ ಶೇಲ್. ಆ ಕೆಸರಿನೊಂದಿಗೆ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷ ಭೂಮಿಯ ಬಿಸಿಗೆ ಬೆಂದು ತೈಲವೂ ಅನಿಲವೂ ಆಯಿತು. ಹೀಗೆ ಹುಟ್ಟಿದ ತೈಲದಲ್ಲಿ ಒಂದಿಷ್ಟು ಮೇಲಕ್ಕೆ ಜಿನುಗಿ ಮರಳುಗಲ್ಲಿನ ರಂಧ್ರಗಳಲ್ಲಿ ನಿಂತಿತು. ನೂರು ವರ್ಷ ಜಗತ್ತು ಕೊರೆದು ತೆಗೆದದ್ದು ಬಹುಪಾಲು ಅದನ್ನೇ. ಹುಟ್ಟಿದ ಮನೆಯಲ್ಲೇ ಉಳಿದುಕೊಂಡ ತೈಲ ಹೊರಬರಲು ದಾರಿ ಇರಲಿಲ್ಲ; ಶೇಲ್‌ನ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ.

ಆ ದಾರಿಯನ್ನು ಮನುಷ್ಯ ಮಾಡಿಕೊಂಡದ್ದು ಟೆಕ್ಸಸ್‌ನ ಫೋರ್ಟ್ ವರ್ತ್ ನಗರದ ಬಳಿ, ಬಾರ್ನೆಟ್ ಎಂಬ ಶೇಲ್ ಪದರದಲ್ಲಿ. ಜಾರ್ಜ್ ಮಿಚೆಲ್ ಅವರ ಕಂಪನಿ ಸುಮಾರು ಎರಡು ದಶಕ ಅಲ್ಲಿ ಹಣ ಸುರಿದು ಪ್ರಯೋಗ ಮಾಡಿತು. 1998ರಲ್ಲಿ ಅವರ ಎಂಜಿನಿಯರುಗಳು ದುಬಾರಿಯ ಗಟ್ಟಿ ಜೆಲ್ ಬಿಟ್ಟು, ಬಹುಪಾಲು ನೀರನ್ನೇ ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳಿದಾಗ ಅನಿಲ ಚೆನ್ನಾಗಿ ಬಂದಿತು, ಖರ್ಚೂ ಇಳಿಯಿತು. 2002ರಲ್ಲಿ ಆ ಕಂಪನಿಯನ್ನು ಕೊಂಡ ಡೆವನ್ ಎನರ್ಜಿ ಇದಕ್ಕೆ ಅಡ್ಡ ಕೊರೆತವನ್ನು ಜೋಡಿಸಿತು. ಎರಡರಿಂದ ಮೂರು ಕಿಲೋಮೀಟರ್ ನೇರ ಕೆಳಗಿಳಿಯುವ ಬಾವಿ ಅಲ್ಲಿ ನಿಧಾನವಾಗಿ ತಿರುಗಿ, ಪದರದ ಒಳಗೇ ಅಡ್ಡಡ್ಡ ಓಡುತ್ತದೆ. ಆ ಅಡ್ಡ ಭಾಗದ ಉದ್ದಕ್ಕೂ ಕೊಳವೆಗೆ ತೂತು ಹಾಕಿ, ನೀರು ಮತ್ತು ಮರಳನ್ನು ನುಗ್ಗಿಸುತ್ತಾರೆ. ಕಲ್ಲು ಬಿರಿಯುತ್ತದೆ; ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಮರಳಿನ ಕಣಗಳು ಒತ್ತುಗಲ್ಲಿನಂತೆ ನಿಲ್ಲುತ್ತವೆ.

ಇಲ್ಲಿ ಒಂದು ಸಂಗತಿ ನೆನಪಿನಲ್ಲಿರಲಿ, ಮುಂದಿನ ಗೊಂದಲವೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತದೆ. ರಿಗ್ ಮಾಡುವುದು ಕೊರೆಯುವ ಕೆಲಸ ಮಾತ್ರ. ಕೊರೆದು ಮುಗಿಸಿ ಅದು ಮುಂದಿನ ಜಾಗಕ್ಕೆ ಹೋಗುತ್ತದೆ. ಕಲ್ಲು ಸೀಳುವ ತಂಡ ಬೇರೆ, ಅವರ ಪಂಪುಗಳು ಬೇರೆ, ಅವರು ಬರುವ ದಿನ ಬೇರೆ. ನಮ್ಮಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಅಡಿಗೆ ಇಷ್ಟೆಂದು ಹಣ ಪಡೆದು ಹೊರಟುಹೋದ ಮೇಲೆ ಮೋಟಾರು ಇಳಿಸುವವರು ಬರುವ ಹಾಗೆ. ಕೊರೆದ ಬಾವಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಸೀಳದೆ ಹಾಗೆಯೇ ಕಾಯುತ್ತಿರಬಹುದು.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ, ಅಂದರೆ ಇಐಎ, 2013ರ ಅಕ್ಟೋಬರ್‌ನಿಂದ 2024ರ ಮಧ್ಯದವರೆಗೆ ಕೊರೆತದ ಉತ್ಪಾದಕತೆಯ ಬಗ್ಗೆಯೇ ಪ್ರತ್ಯೇಕ ಮಾಸಿಕ ವರದಿ ಹೊರಡಿಸುತ್ತಿತ್ತು. ಈಗ ಆ ಅಂಕಿಗಳು ಅದರ ಅಲ್ಪಾವಧಿ ಮುನ್ನೋಟದ ವರದಿಯೊಳಗೆ ಸೇರಿಕೊಂಡಿವೆ. ದೇಶವನ್ನು ಅದು ಏಳು ಪ್ರದೇಶಗಳಾಗಿ ನೋಡಿತು: ಪರ್ಮಿಯನ್, ಬಾಕೆನ್, ಈಗಲ್ ಫೋರ್ಡ್, ನಯೋಬ್ರಾರಾ, ಅನಡಾರ್ಕೊ, ಹೇನ್ಸ್‌ವಿಲ್, ಅಪಲಾಚಿಯಾ. ಪ್ರತಿ ಪ್ರದೇಶಕ್ಕೂ ಮೂರು ಮುಖ್ಯ ಅಂಕಿ. ಎಷ್ಟು ರಿಗ್‌ಗಳು ಕೆಲಸ ಮಾಡುತ್ತಿವೆ. ಒಂದೊಂದು ರಿಗ್‌ನ ಲೆಕ್ಕಕ್ಕೆ ಹೊಸ ಬಾವಿಗಳಿಂದ ಎಷ್ಟು ಬಂದಿತು. ಹಳೆಯ ಬಾವಿಗಳು ಆ ತಿಂಗಳು ಎಷ್ಟು ಕಳೆದುಕೊಂಡವು.

ಮೂರನೆಯದನ್ನು ಪತ್ರಿಕೆಗಳು ಹೆಚ್ಚಾಗಿ ಬರೆಯುವುದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಶೇಲ್ ಬಾವಿ ಮೊದಲ ತಿಂಗಳುಗಳಲ್ಲಿ ಉಕ್ಕಿ ಹರಿದು, ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು, ಎಷ್ಟೋ ಕಡೆ ಮೂರನೆಯ ಎರಡರಷ್ಟು ಹರಿವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಸಣ್ಣ ಧಾರೆ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ಒಂದು ಪ್ರದೇಶ ಇದ್ದಲ್ಲೇ ಇರಬೇಕಾದರೂ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು. ಒಂದು ಕಲ್ಪಿತ ಲೆಕ್ಕ ನೋಡಿ. ಒಂದು ಪ್ರದೇಶದಲ್ಲಿ 300 ರಿಗ್‌ಗಳಿವೆ, ಒಂದೊಂದರ ಪಾಲಿಗೆ ಹೊಸದಾಗಿ ದಿನಕ್ಕೆ 1,000 ಬ್ಯಾರಲ್ ಎಂದುಕೊಳ್ಳೋಣ. ಸೇರಿದ್ದು 3 ಲಕ್ಷ. ಹಳೆಯ ಬಾವಿಗಳು ಅದೇ ತಿಂಗಳು ಕಳೆದುಕೊಂಡದ್ದು 2 ಲಕ್ಷ 80 ಸಾವಿರ. ಉಳಿದ ಏರಿಕೆ ಬರೀ 20 ಸಾವಿರ. ಈಗ ಹತ್ತರಲ್ಲಿ ಒಂದು ರಿಗ್ ನಿಲ್ಲಲಿ. ಸೇರುವುದು 2 ಲಕ್ಷ 70 ಸಾವಿರಕ್ಕೆ ಇಳಿಯುತ್ತದೆ. ಏರುತ್ತಿದ್ದ ಪ್ರದೇಶ ತಿಂಗಳಿಗೆ 10 ಸಾವಿರ ಬ್ಯಾರಲ್ ಇಳಿಯತೊಡಗುತ್ತದೆ. ತೂತಿನ ಬಿಂದಿಗೆಗೆ ನೀರು ತುಂಬುವ ಕೆಲಸ ಇದು, ಮತ್ತು ಬಿಂದಿಗೆ ದೊಡ್ಡದಾದಷ್ಟೂ ತೂತೂ ದೊಡ್ಡದಾಗುತ್ತದೆ.

ಇನ್ನು ‘ರಿಗ್‌ಗೆ ಎಷ್ಟು’ ಎಂಬ ಎರಡನೆಯ ಅಂಕಿ. ಇದು ಭಾಗಾಕಾರದ ಫಲ. ಭಾಗಿಸುವ ಸಂಖ್ಯೆ ಕುಸಿದರೆ ಮೇಲಿನದು ಇದ್ದಷ್ಟೇ ಇದ್ದರೂ ಉತ್ತರ ಏರುತ್ತದೆ. 2014ರ ನವೆಂಬರ್ 27ರಂದು ತೈಲ ರಫ್ತು ಮಾಡುವ ಒಪೆಕ್ ಕೂಟದ ದೇಶಗಳು ಉತ್ಪಾದನೆ ತಗ್ಗಿಸಲು ಒಪ್ಪದೆ ಹೋದವು. ಆ ಬೇಸಿಗೆಯಲ್ಲಿ ನೂರು ಡಾಲರ್‌ಗಿಂತ ಮೇಲಿದ್ದ ಅಮೆರಿಕದ ತೈಲ ದರ 2016ರ ಫೆಬ್ರುವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಿದ್ದಿತು. 1,609 ಇದ್ದ ತೈಲ ರಿಗ್‌ಗಳು 2016ರ ಮೇ ತಿಂಗಳಲ್ಲಿ 316ಕ್ಕೆ ಬಂದವು. ಅದೇ ಹೊತ್ತಿನಲ್ಲಿ ರಿಗ್‌ಗೆ ಸಿಗುವ ತೈಲದ ಗೆರೆ ಮೇಲಕ್ಕೆ ಚಿಮ್ಮಿತು. ಕಾರಣ ಸರಳ. ದುಡ್ಡು ಕಡಿಮೆಯಾದಾಗ ಕಂಪನಿಗಳು ಮೊದಲು ಬಿಟ್ಟುಕೊಟ್ಟದ್ದು ಬಡ ಜಾಗಗಳನ್ನು. ಉಳಿದ ರಿಗ್‌ಗಳು ಅತ್ಯುತ್ತಮ ಜಾಗದಲ್ಲಿದ್ದವು, ಅತ್ಯುತ್ತಮ ತಂಡಗಳ ಕೈಯಲ್ಲಿದ್ದವು. ಹಿಂದುಳಿದ ಮಕ್ಕಳನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೇ ಕೂರಿಸದೆ ಶೇಕಡಾ ನೂರು ಫಲಿತಾಂಶ ತೋರಿಸುವ ಶಾಲೆಯ ಲೆಕ್ಕದಂತೆ, ಸರಾಸರಿ ಏರಿದ ಮಾತ್ರಕ್ಕೆ ಎಲ್ಲರೂ ಜಾಣರಾದರೆಂದು ಹೇಳಲಾಗುವುದಿಲ್ಲ.

2020ರಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಣಿಸಿತು. ಕೋವಿಡ್ ಬಂದಿತು, ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ದರ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಇಳಿಯಿತು. ಆಗಸ್ಟ್‌ನಲ್ಲಿ ತೈಲ ರಿಗ್‌ಗಳು 172. ಕೊರೆದು ಸೀಳದೆ ಬಿಟ್ಟ ಬಾವಿಗಳು ಆಗ ಎಂಟು ಸಾವಿರಕ್ಕೂ ಹೆಚ್ಚಿದ್ದವು. ಮುಂದಿನ ಎರಡು ವರ್ಷ ಕಂಪನಿಗಳು ಹೊಸ ರಿಗ್ ಕರೆಸುವ ಬದಲು ಈ ದಾಸ್ತಾನನ್ನೇ ಸೀಳಿ ತೈಲ ತೆಗೆದವು. ತೈಲ ಇವತ್ತಿನ ಲೆಕ್ಕಕ್ಕೆ ಸೇರಿತು, ಅದನ್ನು ಕೊರೆದ ರಿಗ್ ಹಿಂದಿನ ವರ್ಷದ್ದಾಗಿತ್ತು. ರಿಗ್‌ಗೆ ಸಿಗುವ ತೈಲ ಗಗನಕ್ಕೇರಿದಂತೆ ಕಂಡು, ದಾಸ್ತಾನು ಕರಗಿ ರಿಗ್‌ಗಳು ಮರಳಿದಾಗ ಅದೇ ಅಂಕಿ ಇಳಿಯಿತು. ಆ ಏರಿಕೆಯನ್ನು ಸಂಭ್ರಮಿಸಿದವರೂ ತಪ್ಪಿದರು, ಆಮೇಲಿನ ಇಳಿಕೆ ಕಂಡು ಶೇಲ್ ಮುಗಿಯಿತೆಂದು ಬರೆದವರೂ ತಪ್ಪಿದರು.

ಹಾಗೆಂದು ನಿಜವಾದ ಪ್ರಗತಿ ಆಗಿಲ್ಲವೇ? ಆಗಿದೆ. ಒಂದೇ ಅಂಗಳದಿಂದ ಹಲವು ಬಾವಿಗಳನ್ನು ಕೊರೆಯುತ್ತಾರೆ. ರಿಗ್ ಅನ್ನು ಬಿಚ್ಚಿ ಕಟ್ಟುವ ಗೋಜಿಲ್ಲ, ಅದೇ ಕಾಲೆಳೆದು ಪಕ್ಕದ ಬಾವಿಯ ಮೇಲೆ ನಿಲ್ಲುತ್ತದೆ. ತಿಂಗಳು ಹಿಡಿಯುತ್ತಿದ್ದ ಬಾವಿ ಈಗ ಹತ್ತು ಹದಿನೈದು ದಿನಗಳ ಕೆಲಸ. ಅಡ್ಡ ಭಾಗದ ಉದ್ದ ಒಂದು ಮೈಲಿಯಿಂದ ಎರಡಕ್ಕೆ, ಈಗ ಅನೇಕ ಕಡೆ ಮೂರು ಮೈಲಿಗೆ ಹೋಗಿದೆ. ಆದರೆ ಬಾವಿ ಉದ್ದವಾದರೆ ಬಾವಿಗೆ ಸಿಗುವ ತೈಲ ಹೆಚ್ಚುವುದು ಸಹಜ. ಕಲ್ಲಿನ ಬಗ್ಗೆ ತಿಳಿಯಬೇಕಾದರೆ ಅಡಿಯೊಂದಕ್ಕೆ ಎಷ್ಟು ಬಂದಿತೆಂದು ನೋಡಬೇಕು. ಆ ಅಳತೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೇಳಿಕೊಳ್ಳುವ ಏರಿಕೆ ಇಲ್ಲ, ಕೆಲವೆಡೆ ಇಳಿಕೆಯೇ ಇದೆ. ಮೊದಲ ಬಾವಿಯ ಪಕ್ಕದಲ್ಲೇ ಎರಡನೆಯದನ್ನು ಕೊರೆದರೆ ಒತ್ತಡ ಆಗಲೇ ತಗ್ಗಿರುತ್ತದೆ. ಹೊಸ ಬಾವಿಯ ಬಿರುಕು ಹಳೆಯದರ ಕಡೆಗೇ ಓಡುತ್ತದೆ. ತೈಲದವರು ಇವನ್ನು ತಾಯಿ ಬಾವಿ, ಮಗು ಬಾವಿ ಎನ್ನುತ್ತಾರೆ. ಮಗು ಬಾವಿ ಸಾಮಾನ್ಯವಾಗಿ ಬಡಕಲು.

ಈಗ ನೆಲಗಳಿಗೆ ಹೋಗೋಣ. ಪರ್ಮಿಯನ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಮಿಕ್ಕವೆಲ್ಲ ಸೇರಿದರೂ ಅದಕ್ಕೆ ಸಾಟಿಯಾಗುವುದಿಲ್ಲ. ಪಶ್ಚಿಮ ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊದ ಆಗ್ನೇಯ ಮೂಲೆಯ ಈ ಬಯಲಿನಲ್ಲಿ ಸಾಂಟಾ ರೀಟಾ ಬಾವಿ ಚಿಮ್ಮಿದ್ದು 1923ರಲ್ಲಿ. 1970ರ ದಶಕದಲ್ಲಿ ಉತ್ತುಂಗ ಮುಟ್ಟಿ ಇಳಿದು, 2007ರ ಸುಮಾರಿಗೆ ದಿನಕ್ಕೆ ಹತ್ತು ಲಕ್ಷ ಬ್ಯಾರಲ್‌ಗಿಂತ ಕಡಿಮೆಯಾಗಿದ್ದ ಮುದಿ ನೆಲ ಇದು. 2024ರಲ್ಲಿ ಅಲ್ಲಿ ಬಂದದ್ದು ದಿನಕ್ಕೆ 60 ಲಕ್ಷ ಬ್ಯಾರಲ್‌ಗೂ ಹೆಚ್ಚು; ಇಡೀ ಭಾರತ ದಿನಕ್ಕೆ ಬಳಸುವ ತೈಲಕ್ಕಿಂತ ಹೆಚ್ಚು. 2014ರ ಕೊನೆಯಲ್ಲಿ 500ಕ್ಕೂ ಹೆಚ್ಚು ರಿಗ್‌ಗಳು ತೆಗೆಯುತ್ತಿದ್ದುದರ ಮೂರು ಪಟ್ಟನ್ನು 2024ರಲ್ಲಿ ಸುಮಾರು 300 ರಿಗ್‌ಗಳು ತೆಗೆದವು.

ಪರ್ಮಿಯನ್‌ನ ಭಾಗ್ಯ ಅದರ ಮಹಡಿಗಳಲ್ಲಿದೆ. ಮಿಕ್ಕ ಕಡೆ ತೈಲ ತುಂಬಿದ ಪದರ ಒಂದೋ ಎರಡೋ. ಇಲ್ಲಿ ಸ್ಪ್ರಾಬೆರಿ, ಬೋನ್ ಸ್ಪ್ರಿಂಗ್, ವುಲ್ಫ್‌ಕ್ಯಾಂಪ್ ಎಂದು ಒಂದರ ಮೇಲೊಂದು ಪದರಗಳು, ವುಲ್ಫ್‌ಕ್ಯಾಂಪ್‌ನೊಳಗೇ ಮತ್ತೆ ಹಲವು ಹಂತಗಳು. ಒಂದೇ ಅಂಗಳದಲ್ಲಿ ನಿಂತು ಬೇರೆ ಬೇರೆ ಆಳಗಳಿಗೆ ಬಾವಿ ಬಿಡಬಹುದು. ಹಿಂದೆ ವಿಸ್ಕಾನ್ಸಿನ್‌ನಿಂದ ರೈಲಿನಲ್ಲಿ ತರಿಸುತ್ತಿದ್ದ ಮರಳನ್ನು 2017ರಿಂದೀಚೆಗೆ ಸ್ಥಳೀಯ ದಿಬ್ಬಗಳಿಂದಲೇ ತೆಗೆದು ಖರ್ಚು ಉಳಿಸಿದರು. ಕಂಪನಿಗಳು ಒಂದನ್ನೊಂದು ನುಂಗಿದವು. ಎಕ್ಸಾನ್‌ಮೊಬಿಲ್ 2024ರ ಮೇ ತಿಂಗಳಲ್ಲಿ ಪಯೋನಿಯರ್ ಕಂಪನಿಯನ್ನು ಸುಮಾರು 6,000 ಕೋಟಿ ಡಾಲರ್‌ಗೆ ಕೊಂಡಿತು. ಪಕ್ಕಪಕ್ಕದ ಜಮೀನು ಒಂದೇ ಕೈಗೆ ಬಂದರೆ ಮೂರು ಮೈಲಿಯ ಅಡ್ಡ ಬಾವಿಗೆ ಗಡಿಯ ತಕರಾರು ಇರುವುದಿಲ್ಲ. ಉತ್ಪಾದಕತೆಗೆ ಭೂದಾಖಲೆಯೂ ಒಂದು ಕಾರಣವಾಗುತ್ತದೆ ಎನ್ನುವುದನ್ನು ಎಂಜಿನಿಯರುಗಳ ಸಾಧನೆಯ ವರದಿಗಳು ಮರೆಸಿಬಿಡುತ್ತವೆ.

ಪರ್ಮಿಯನ್‌ಗೆ ಅಡ್ಡಿಯಾಗಿರುವುದು ತೈಲದ ಕೊರತೆಗಿಂತ ಹೆಚ್ಚಾಗಿ ತೈಲದ ಜೊತೆ ಬರುವ ಎರಡು ವಸ್ತುಗಳು. ಮೊದಲನೆಯದು ನೀರು. ಒಂದು ಬ್ಯಾರಲ್ ತೈಲಕ್ಕೆ ಮೂರು ನಾಲ್ಕು ಬ್ಯಾರಲ್ ನೀರು ಬರುತ್ತದೆ, ಸಮುದ್ರಕ್ಕಿಂತ ಉಪ್ಪಾದ ನೀರು. ಅದನ್ನು ಮತ್ತೆ ನೆಲಕ್ಕೆ ಇಳಿಸಿದಾಗ ಆಳದ ಬಿರುಕುಗಳು ಸಡಿಲಗೊಂಡು ಭೂಮಿ ನಡುಗುತ್ತದೆ. 2022ರ ನವೆಂಬರ್‌ನಲ್ಲಿ ಪಶ್ಚಿಮ ಟೆಕ್ಸಸ್‌ನಲ್ಲಿ 5.4 ಪ್ರಮಾಣದ ಕಂಪನವಾಯಿತು. ಟೆಕ್ಸಸ್‌ನಲ್ಲಿ ತೈಲವನ್ನು ನಿಯಂತ್ರಿಸುವುದು ರೈಲ್‌ರೋಡ್ ಕಮಿಷನ್, ಹಳೆಯ ಕಾಲದ ಹೆಸರು ಹಾಗೆಯೇ ಉಳಿದಿದೆ. ಅದು ಆಳಕ್ಕೆ ನೀರು ಇಳಿಸುವುದಕ್ಕೆ ಕಡಿವಾಣ ಹಾಕಬೇಕಾಯಿತು. ಅನಡಾರ್ಕೊ ಪ್ರದೇಶವಿರುವ ಓಕ್ಲಹೋಮಾ ರಾಜ್ಯ ಈ ಪಾಠವನ್ನು ಮೊದಲೇ ಕಲಿತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಪಾವ್ನೀ ಬಳಿ 5.8 ಪ್ರಮಾಣದ ಭೂಕಂಪವಾಗಿತ್ತು.

ಎರಡನೆಯದು ಅನಿಲ. ಪರ್ಮಿಯನ್‌ನಲ್ಲಿ ಕೊರೆಯುವುದು ತೈಲಕ್ಕಾಗಿ, ಅನಿಲ ತಾನಾಗಿ ಬರುತ್ತದೆ. ಬಾವಿ ಹಳೆಯದಾದಷ್ಟೂ ತೈಲಕ್ಕೆ ಹೋಲಿಸಿದರೆ ಅನಿಲದ ಪಾಲು ಹೆಚ್ಚುತ್ತದೆ. ಅದನ್ನು ಸಾಗಿಸುವ ಕೊಳವೆ ಮಾರ್ಗ ಸಾಲದೆ ಹೋದಾಗ ವಾಹಾ ಎಂಬ ಸ್ಥಳೀಯ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅನಿಲ ಒಯ್ಯುವವರಿಗೆ ಉತ್ಪಾದಕರೇ ಹಣ ಕೊಡಬೇಕು. 2019ರಲ್ಲಿ ಹೀಗಾಯಿತು, 2024ರಲ್ಲಿ ತಿಂಗಳುಗಟ್ಟಲೆ ಆಯಿತು. ಆ ವರ್ಷದ ಶರತ್ಕಾಲದಲ್ಲಿ ಮ್ಯಾಟರ್‌ಹಾರ್ನ್ ಎಂಬ ಹೊಸ ಕೊಳವೆ ಮಾರ್ಗ ತೆರೆದ ಮೇಲೆ ಉಸಿರು ಬಂದಿತು.

ಉತ್ತರ ಡಕೋಟಾದ ಬಾಕೆನ್‌ಗೆ ಇಂಥ ಮಹಡಿಗಳಿಲ್ಲ. 2012ರಲ್ಲಿ ಅಲ್ಲಿ 200ಕ್ಕೂ ಹೆಚ್ಚು ರಿಗ್‌ಗಳಿದ್ದವು. 2014ರಲ್ಲಿ ಆ ರಾಜ್ಯ ದಿನಕ್ಕೆ ಹತ್ತು ಲಕ್ಷ ಬ್ಯಾರಲ್ ದಾಟಿತು, 2019ರ ಕೊನೆಯಲ್ಲಿ 15 ಲಕ್ಷ ಮುಟ್ಟಿ ಅಲ್ಲಿಂದ ಇಳಿಯಿತು. 2024ರಲ್ಲಿ 40ರ ಆಸುಪಾಸಿನ ರಿಗ್‌ಗಳು 12 ಲಕ್ಷದ ಹತ್ತಿರ ಹಿಡಿದು ನಿಲ್ಲಿಸಿದ್ದವು. ಇದು ದೊಡ್ಡ ಸಾಧನೆಯೇ. ಆದರೆ ಮೆಕೆಂಜಿ, ಮೌಂಟ್ರೇಲ್ ಮುಂತಾದ ನಾಲ್ಕೈದು ಕೌಂಟಿಗಳ ಒಳ್ಳೆಯ ಜಾಗ ಬಹುಪಾಲು ಕೊರೆದು ಮುಗಿದಿದೆ. ಅಂಚಿನ ಜಾಗದಲ್ಲಿ ಉದ್ದದ ಬಾವಿಯಿಂದ ಕೊರತೆ ತುಂಬಿಕೊಳ್ಳುತ್ತಿದ್ದಾರೆ. ಸಮುದ್ರದಿಂದ ದೂರದ ನೆಲವಾದ್ದರಿಂದ ಸಾಗಾಟ ಅದಕ್ಕೆ ಹುಟ್ಟಿನಿಂದಲೇ ತೊಡಕು. 2013ರ ಜುಲೈನಲ್ಲಿ ಬಾಕೆನ್ ತೈಲ ಹೊತ್ತ ರೈಲು ಕೆನಡಾದ ಲ್ಯಾಕ್ ಮೆಗಾಂಟಿಕ್ ಪಟ್ಟಣದಲ್ಲಿ ಹಳಿ ತಪ್ಪಿ ಹೊತ್ತಿ ಉರಿದು 47 ಜನ ಸತ್ತರು. ಕೊರೆಯುವ ವೇಗಕ್ಕೆ ಸಾಗಿಸುವ ವ್ಯವಸ್ಥೆ ಸರಿಸಾಟಿಯಾಗದೆ ಹೋದರೆ ಏನಾಗುತ್ತದೆ ಎಂಬುದನ್ನು ಯಾವ ಉತ್ಪಾದಕತೆಯ ಗೆರೆಯೂ ತೋರಿಸುವುದಿಲ್ಲ.

ದಕ್ಷಿಣ ಟೆಕ್ಸಸ್‌ನ ಈಗಲ್ ಫೋರ್ಡ್ ಓರೆಯಾಗಿ ಇಳಿಯುವ ಒಂದೇ ಹಾಸು. ಮೇಲಿನ ಅಂಚಿನಲ್ಲಿ ತೈಲ, ನಡುವೆ ತೆಳುವಾದ ದ್ರವ, ಆಳದ ಅಂಚಿನಲ್ಲಿ ಒಣ ಅನಿಲ. ಬೆಂದ ಹದ ಬೇರೆ, ಕಲ್ಲು ಒಂದೇ. 2015ರಲ್ಲಿ 16 ಲಕ್ಷ ಬ್ಯಾರಲ್ ದಾಟಿದ್ದ ಈ ನೆಲ ಮತ್ತೆ ಆ ಎತ್ತರ ಕಾಣಲಿಲ್ಲ. ಮೊದಲ ವರ್ಷಗಳಲ್ಲಿ ಕಡಿಮೆ ಮರಳು ಹಾಕಿ ಅರೆಬರೆ ಸೀಳಿದ ಹಳೆಯ ಬಾವಿಗಳನ್ನು ಮತ್ತೊಮ್ಮೆ ಸೀಳುವ ಕೆಲಸ ಈಗ ಅಲ್ಲಿ ನಡೆದಿದೆ. ಇದಕ್ಕೆ ಕೊರೆಯುವ ರಿಗ್ಗೇ ಬೇಡ. ರಿಗ್ ಎಣಿಕೆ ನಂಬಿ ಕೂತವರಿಗೆ ಆ ತೈಲ ಎಲ್ಲಿಂದ ಬಂದಿತೆಂದು ತಿಳಿಯುವುದೇ ಇಲ್ಲ. ಕೊಲರಾಡೊದ ವೆಲ್ಡ್ ಕೌಂಟಿಯನ್ನು ನಡುವಿಟ್ಟುಕೊಂಡ ನಯೋಬ್ರಾರಾ ಇವುಗಳಿಗಿಂತ ಚಿಕ್ಕದು.

ಅನಿಲದ ನೆಲಗಳಲ್ಲಿ ಅಪಲಾಚಿಯಾ ದೈತ್ಯ. 2004ರಲ್ಲಿ ರೇಂಜ್ ರಿಸೋರ್ಸಸ್ ಕಂಪನಿ ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಪದರದಲ್ಲಿ ಮೊದಲ ಯಶಸ್ಸು ಕಂಡಿತು. ಅದರ ಕೆಳಗೆ ಯೂಟಿಕಾ ಎಂಬ ಇನ್ನೊಂದು ಪದರವೂ ಇದೆ. ಇಂದು ದಿನಕ್ಕೆ ಸುಮಾರು 3,500 ಕೋಟಿ ಘನ ಅಡಿ, ಅಂದರೆ ದೇಶದ ಅನಿಲದ ಮೂರನೆಯ ಒಂದು ಪಾಲು, ಇಲ್ಲಿಂದಲೇ ಬರುತ್ತದೆ. ಅದಕ್ಕೆ ಬೇಕಾದ ರಿಗ್ 40ರ ಆಸುಪಾಸು ಮಾತ್ರ. ಇಷ್ಟು ಕಡಿಮೆ ಏಕೆ? ಬಾವಿಗಳು ಸಮೃದ್ಧ ಎನ್ನುವುದು ಒಂದು. ಹೆಚ್ಚು ಕೊರೆದರೆ ಸಾಗಿಸಲು ದಾರಿಯಿಲ್ಲ ಎನ್ನುವುದು ಇನ್ನೊಂದು. ನ್ಯೂಯಾರ್ಕ್ ರಾಜ್ಯ 2014ರ ಡಿಸೆಂಬರ್‌ನಲ್ಲಿ ಈ ಬಗೆಯ ಸೀಳುವಿಕೆಯನ್ನು ನಿಷೇಧಿಸುವುದಾಗಿ ಘೋಷಿಸಿತು. 2020ರಲ್ಲಿ ಕಾನ್ಸ್ಟಿಟ್ಯೂಷನ್, ಅಟ್ಲಾಂಟಿಕ್ ಕೋಸ್ಟ್ ಎಂಬ ಎರಡು ಕೊಳವೆ ಯೋಜನೆಗಳು ರದ್ದಾದವು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿದ್ದ ಮೌಂಟನ್ ವ್ಯಾಲಿ ಮಾರ್ಗ ತೆರೆದದ್ದು 2024ರ ಜೂನ್‌ನಲ್ಲಿ. ನೆಲದಡಿ ಇಷ್ಟು ಅನಿಲ ಇಟ್ಟುಕೊಂಡ ಪ್ರದೇಶದ ಉತ್ಪಾದನೆ ಹೀಗೆ ಕೊಳವೆಯ ಅಳತೆಗೆ ಕಟ್ಟುಬಿದ್ದಿದೆ.

ಲೂಸಿಯಾನಾದ ವಾಯವ್ಯ ಮತ್ತು ಪೂರ್ವ ಟೆಕ್ಸಸ್‌ನಲ್ಲಿ ಹರಡಿದ ಹೇನ್ಸ್‌ವಿಲ್ ಇದಕ್ಕೆ ವಿರುದ್ಧ ಸ್ವಭಾವದ್ದು. ಸಮುದ್ರ ಹತ್ತಿರ, ಕೊಳವೆ ಸಾಕಷ್ಟಿದೆ, ಅನಿಲವನ್ನು ದ್ರವವಾಗಿಸಿ ಹಡಗಿಗೆ ತುಂಬುವ ಬಂದರುಗಳು ಪಕ್ಕದಲ್ಲಿವೆ. ಆದರೆ ಪದರ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿದೆ. ಶಾಖವೂ ಒತ್ತಡವೂ ಅಪಾರ, ಬಾವಿ ದುಬಾರಿ. ಮೊದಲ ತಿಂಗಳ ಹರಿವು ಕಣ್ಣು ಕುಕ್ಕುವಂತಿದ್ದು ಅಷ್ಟೇ ಬೇಗ ಇಳಿಯುತ್ತದೆ. ಹೀಗಾಗಿ ಬೆಲೆ ಏರಿದಾಗ ರಿಗ್‌ಗಳು ಮೊದಲು ಓಡಿಬರುವುದೂ ಇಲ್ಲಿಗೆ, ಬೆಲೆ ಬಿದ್ದಾಗ ಮೊದಲು ಖಾಲಿಯಾಗುವುದೂ ಇಲ್ಲಿಂದಲೇ. 2022ರಲ್ಲಿ ಯುಕ್ರೇನ್ ಯುದ್ಧದ ಬಿಸಿಗೆ ಅನಿಲ ದರ ಒಂದು ಹಂತದಲ್ಲಿ ಹತ್ತು ಲಕ್ಷ ಬಿಟಿಯುಗೆ (ಅನಿಲ ಮಾರುವ ಶಾಖದ ಅಳತೆ) 9 ಡಾಲರ್ ದಾಟಿತ್ತು, ಹೇನ್ಸ್‌ವಿಲ್‌ನಲ್ಲಿ 70ರಷ್ಟು ರಿಗ್‌ಗಳು ಕೊರೆಯುತ್ತಿದ್ದವು. 2024ರಲ್ಲಿ ಸರಾಸರಿ ದರ ಸುಮಾರು 2.2 ಡಾಲರ್‌ಗೆ ಬಿದ್ದಾಗ ರಿಗ್‌ಗಳು ಸುಮಾರು ಅರ್ಧವಾದವು. ಕೊರೆದು, ಸೀಳಿ ಸಿದ್ಧವಾದ ಬಾವಿಗಳ ಬಾಯನ್ನೂ ತೆರೆಯದೆ ಬೆಲೆಗಾಗಿ ಕಾದ ಕಂಪನಿಗಳಿದ್ದವು.

ಪ್ರದೇಶಗಳು ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಪರ್ಮಿಯನ್‌ನಲ್ಲಿ ತೈಲಕ್ಕಾಗಿ ಕೊರೆದಾಗ ಜೊತೆಗೆ ಬಂದ ಅನಿಲಕ್ಕೆ ಬೆಲೆಯ ಪರಿವೆಯಿಲ್ಲ. ತೈಲ ಲಾಭ ಕೊಡುವವರೆಗೆ ಅದು ಬರುತ್ತಲೇ ಇರುತ್ತದೆ. ಆ ಅನಿಲ ಹೊಸ ಕೊಳವೆಯಲ್ಲಿ ಕರಾವಳಿಗೆ ಹರಿದ ದಿನ, ಅನಿಲವನ್ನೇ ನಂಬಿದ ಹೇನ್ಸ್‌ವಿಲ್‌ಗೆ ಪೈಪೋಟಿ ಹೆಚ್ಚುತ್ತದೆ. ಕರಾವಳಿಯಲ್ಲಿ ಹೊಸ ರಫ್ತು ಬಂದರು ತೆರೆದರೆ ಹೇನ್ಸ್‌ವಿಲ್‌ಗೆ ಮತ್ತೆ ಜೀವ ಬರುತ್ತದೆ.

ಈ ಸರಪಳಿಯ ಒಂದು ತುದಿ ನಮ್ಮವರೆಗೂ ಬಂದಿದೆ. ಲೂಸಿಯಾನಾದ ಸೇಬೀನ್ ಪಾಸ್ ಬಂದರಿನಿಂದ ಎಲ್‌ಎನ್‌ಜಿ, ಅಂದರೆ ದ್ರವವಾಗಿಸಿದ ಅನಿಲ, ಹೊತ್ತ ಮೊದಲ ಹಡಗು ಹೊರಟದ್ದು 2016ರ ಫೆಬ್ರುವರಿಯಲ್ಲಿ. ಆ ಬಂದರಿನ ಒಡೆಯ ಶೆನಿಯರ್ ಕಂಪನಿಯೊಂದಿಗೆ ನಮ್ಮ ಸರ್ಕಾರಿ ಅನಿಲ ಸಂಸ್ಥೆ ಗೇಲ್ 2011ರಲ್ಲೇ 20 ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು, ವರ್ಷಕ್ಕೆ 35 ಲಕ್ಷ ಟನ್. ಮೊದಲ ಸರಕು 2018ರ ಮಾರ್ಚ್ ಕೊನೆಯಲ್ಲಿ ಮಹಾರಾಷ್ಟ್ರದ ದಾಭೋಲ್ ತಲುಪಿತು. ದಾಭೋಲ್‌ನಿಂದ ಬೆಂಗಳೂರಿನವರೆಗೆ ಗೇಲ್‌ನ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2013ರಿಂದಲೇ ಇದೆ. ಆ ಒಪ್ಪಂದದ ಎಲ್ಲ ಹಡಗುಗಳೂ ಭಾರತಕ್ಕೆ ಬರುವುದಿಲ್ಲ, ಕೆಲವನ್ನು ಬೇರೆಡೆ ಮಾರಿದ್ದೂ ಉಂಟು. ಬೆಲೆಯ ಸೂತ್ರ ಮಾತ್ರ ಎಲ್ಲದಕ್ಕೂ ಒಂದೇ: ಲೂಸಿಯಾನಾದ ಹೆನ್ರಿ ಹಬ್ ಮಾರುಕಟ್ಟೆಯ ದರದ ಶೇಕಡಾ 115, ಅದರ ಮೇಲೆ 3 ಡಾಲರ್. ಆ ಹೆನ್ರಿ ಹಬ್ ದರ ಏರುವುದೋ ಇಳಿಯುವುದೋ ಎನ್ನುವುದರಲ್ಲಿ, ಹೇನ್ಸ್‌ವಿಲ್‌ನಲ್ಲಿ ಈ ತಿಂಗಳು ಎಷ್ಟು ಬಾವಿಗಳ ಬಾಯಿ ತೆರೆದರು, ವಾಹಾದಿಂದ ಎಷ್ಟು ಅನಿಲ ಕರಾವಳಿ ತಲುಪಿತು ಎಂಬುದೂ ಸೇರಿರುತ್ತದೆ.